ಬಯಲುಸೀಮೆಯಲ್ಲಿ ಮೀನು ಕೃಷಿ: ಲಾಭದ ಪಟ್ಟಿಯಲ್ಲಿ ಕಾಣದ ನೀರಿನ ಖರ್ಚು

ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರ 2022ರ ಸೆಪ್ಟೆಂಬರ್‌ನಲ್ಲಿ ಕೋಡಿ ಬಿದ್ದಾಗ ಇಡೀ ಚಿತ್ರದುರ್ಗ ಜಿಲ್ಲೆ ಸಂಭ್ರಮಿಸಿತ್ತು. 1933ರ ಬಳಿಕ ಆ ಜಲಾಶಯ ತುಂಬಿ ಹರಿದದ್ದು ಅದೇ ಮೊದಲು. 2025ರ ಜನವರಿಯಲ್ಲಿ ಅದು ಮತ್ತೊಮ್ಮೆ 130 ಅಡಿಯ ಗರಿಷ್ಠ ಮಟ್ಟ ಮುಟ್ಟಿತು. ಭದ್ರಾ ಮೇಲ್ದಂಡೆ ಯೋಜನೆಯ ನೀರು ಬರತೊಡಗಿದ ಮೇಲೆ ಬರದ ನಾಡಿನಲ್ಲಿ ನೀರಿನ ಹೊಸ ಕನಸುಗಳು ಹುಟ್ಟಿಕೊಂಡಿವೆ. ಅವುಗಳಲ್ಲಿ ಮೀನು ಕೃಷಿಯೂ ಒಂದು. ಕೆರೆ ತುಂಬಿದರೆ ಮೀನು, ಕೃಷಿ ಹೊಂಡ ತುಂಬಿದರೆ ಮೀನು, ಅದೂ ಇಲ್ಲದಿದ್ದರೆ ಕೊಳವೆಬಾವಿಯ ನೀರಿನಲ್ಲಿ ಮೀನು ಎಂಬ ಉತ್ಸಾಹ ಈಗ ಬಯಲುಸೀಮೆಯ ಹಳ್ಳಿಗಳಲ್ಲಿ ಕಾಣುತ್ತಿದೆ. ಸರ್ಕಾರದ ಸಹಾಯಧನವೂ ಅದಕ್ಕೆ ಬೆನ್ನು ತಟ್ಟುತ್ತಿದೆ.

ಆದರೆ ಮೇಲಿನ ಮೂರೂ ನೀರು ಒಂದೇ ಅಲ್ಲ. ಮೀನು ಸಾಕಣೆ ಪರಿಸರಕ್ಕೆ ಒಳಿತೋ ಕೆಡುಕೋ ಎಂಬ ಚರ್ಚೆ ನಡೆದಾಗಲೆಲ್ಲ ಮಾತು ಮೀನಿನ ತಳಿ, ಆಹಾರ, ಔಷಧಗಳ ಸುತ್ತಲೇ ಸುತ್ತುತ್ತದೆ. ಅವು ಮುಖ್ಯವೇ. ಆದರೆ ಹಿರಿಯೂರಿನಂತಹ ತಾಲ್ಲೂಕಿನಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ. ಹೊಂಡದ ನೀರು ಎಲ್ಲಿಂದ ಬಂತು? ಮೀನು ಹಿಡಿದ ಮೇಲೆ ಅದು ಎಲ್ಲಿಗೆ ಹೋಗುತ್ತದೆ? ಇವೆರಡಕ್ಕೆ ಸಿಗುವ ಉತ್ತರದ ಮೇಲೆ ಅದೇ ರೋಹು, ಅದೇ ಕಾಟ್ಲಾ ಒಂದು ಊರಿನಲ್ಲಿ ವರವಾಗಬಹುದು, ಪಕ್ಕದ ಊರಿನಲ್ಲಿ ಹೊರೆಯಾಗಬಹುದು.

ಧರ್ಮಪುರ ಹೋಬಳಿಯ ಹರಿಯಬ್ಬೆಯ ಸೀಮೆಯನ್ನೇ ನೋಡಬಹುದು. ಆಂಧ್ರದ ಗಡಿಗೆ ಅಂಟಿಕೊಂಡಿರುವ ಈ ಭಾಗ ಮಳೆಯಾಶ್ರಿತ ಭೂಮಿ. ಶೇಂಗಾ, ಈರುಳ್ಳಿ, ರಾಗಿ ಇಲ್ಲಿನ ಬೆಳೆಗಳು. ಕೊಳವೆಬಾವಿ ಇದ್ದವರಿಗೆ ಅಡಿಕೆ, ದಾಳಿಂಬೆ. ವಾಣಿವಿಲಾಸ ಸಾಗರ ಇದೇ ತಾಲ್ಲೂಕಿನಲ್ಲಿದ್ದರೂ ಅದರ ಅಚ್ಚುಕಟ್ಟು ಇತ್ತ ಹಬ್ಬಿಲ್ಲ. ಧರ್ಮಪುರದ ಪುರಾತನ ಕೆರೆಗೆ ವೇದಾವತಿಯ ನೀರು ಹರಿಸಬೇಕೆಂಬುದು ಹೋಬಳಿಯ ಜನರ ಬಹುಕಾಲದ ಬೇಡಿಕೆ. ಅಂತರ್ಜಲದ ಅತಿಬಳಕೆಯ ಪಟ್ಟಿಯಲ್ಲಿ ಹಿರಿಯೂರು ತಾಲ್ಲೂಕಿನ ಹೆಸರು ವರ್ಷಗಳಿಂದ ಇದೆ. ಎಂಟುನೂರು, ಸಾವಿರ ಅಡಿ ಕೊರೆದರೂ ನೀರು ಸಿಗುವ ಖಾತರಿ ಇಲ್ಲ. ಸಿಕ್ಕ ನೀರಿನಲ್ಲಿ ಫ್ಲೋರೈಡ್ ಎಂಬ ದೂರು ಜಿಲ್ಲೆಯ ಹಲವು ಹಳ್ಳಿಗಳದ್ದು. ಇಂತಹ ನೆಲದಲ್ಲಿ ಒಂದು ಎಕರೆ ಹೊಂಡ ತೋಡಿ ಮೀನು ಬಿಡುವುದೆಂದರೆ ಏನರ್ಥ ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು.

ಸೂರ್ಯ ಕುಡಿಯುವ ನೀರು

ಮೀನು ನೀರನ್ನು ಖರ್ಚು ಮಾಡುವುದಿಲ್ಲ ಎಂಬ ವಾದವೊಂದಿದೆ. ಅದು ಅರ್ಧ ನಿಜ. ಮೀನು ನೀರನ್ನು ಬಳಸಿ ಬಿಡುತ್ತದೆ, ಕುಡಿದು ಮುಗಿಸುವುದಿಲ್ಲ. ಮುಗಿಸುವವನು ಸೂರ್ಯ. ಬಯಲುಸೀಮೆಯ ಒಣಹವೆಯಲ್ಲಿ ತೆರೆದ ನೀರಿನ ಮೇಲ್ಮೈಯಿಂದ ದಿನವೊಂದಕ್ಕೆ ಸರಾಸರಿ 5 ಮಿಲಿಮೀಟರ್‌ನಷ್ಟು ನೀರು ಆವಿಯಾಗುತ್ತದೆಂದು ಹಿಡಿಯೋಣ. ಬೇಸಿಗೆಯಲ್ಲಿ ಇದು ಇನ್ನೂ ಹೆಚ್ಚು. ಒಂದು ಎಕರೆ ಎಂದರೆ ಸುಮಾರು 4 ಸಾವಿರ ಚದರ ಮೀಟರ್. ಅಲ್ಲಿಗೆ ದಿನಕ್ಕೆ 20 ಸಾವಿರ ಲೀಟರ್ ನೀರು ಆಕಾಶದ ಪಾಲು. ಜಲಜೀವನ ಮಿಷನ್ ಗ್ರಾಮೀಣ ಮನೆಗಳಿಗೆ ತಲಾ 55 ಲೀಟರ್ ನೀರು ಕೊಡಬೇಕೆನ್ನುತ್ತದೆ. ಆ ಅಳತೆಯಲ್ಲಿ ಒಂದು ಎಕರೆ ಹೊಂಡ ಮಳೆಯಿಲ್ಲದ ಒಂದು ದಿನದಲ್ಲಿ ಕಳೆದುಕೊಳ್ಳುವ ನೀರು ಸುಮಾರು 360 ಜನರ ದಿನದ ಪಾಲಿಗೆ ಸಮ.

ಮೀನು ಮಾರಾಟದ ಗಾತ್ರಕ್ಕೆ ಬರಲು ಹತ್ತು ತಿಂಗಳು ಬೇಕೆಂದು ಇಟ್ಟುಕೊಂಡರೆ ಆವಿಯ ಲೆಕ್ಕ 60 ಲಕ್ಷ ಲೀಟರ್ ಆಗುತ್ತದೆ. ಹೊಂಡದ ಮೇಲೆ ಬೀಳುವ ಮಳೆಯನ್ನೂ ಇದರಲ್ಲಿ ಕಳೆಯಬೇಕು. ಈ ಸೀಮೆಯ ವಾರ್ಷಿಕ ಮಳೆ 600 ಮಿ.ಮೀ. ಆಸುಪಾಸು. ಅದು ಮರಳಿಸುವುದು ಹೆಚ್ಚೆಂದರೆ 24 ಲಕ್ಷ ಲೀಟರ್. ಉಳಿದ 36 ಲಕ್ಷ ಲೀಟರನ್ನು ಯಾರಾದರೂ ಎಲ್ಲಿಂದಲಾದರೂ ತಂದು ತುಂಬಲೇಬೇಕು. ಹೊಂಡವನ್ನು ಮೊದಲ ಬಾರಿ ತುಂಬಿದ ನೀರು ಬೇರೆ, ತಳದಿಂದ ಇಂಗುವ ನೀರು ಬೇರೆ. ಚೆನ್ನಾಗಿ ನೋಡಿಕೊಂಡ ಹೊಂಡದಲ್ಲಿ ಎಕರೆಗೆ ಒಂದೂವರೆ ಟನ್ ಗೆಂಡೆ ಮೀನು ಬಂದರೆ ಕಿಲೋ ಮೀನಿಗೆ 2,400 ಲೀಟರ್ ನೀರು ಕೇವಲ ಆವಿಯ ಬಾಬ್ತು ಖರ್ಚಾದಂತೆ.

ಈ ನೀರು 800 ಅಡಿ ಆಳದಿಂದ ಬರುವುದಾದರೆ ವಿದ್ಯುತ್ತಿನ ಲೆಕ್ಕವೂ ಸೇರುತ್ತದೆ. ಹಳ್ಳಿಯ ಸಾಮಾನ್ಯ ಪಂಪುಗಳ ದಕ್ಷತೆಯಲ್ಲಿ 20 ಸಾವಿರ ಲೀಟರ್ ನೀರನ್ನು ಅಷ್ಟು ಆಳದಿಂದ ಎತ್ತಲು 30 ಯೂನಿಟ್ ಹತ್ತಿರ ಬೇಕು. ಒಂದು ಬೆಳೆಗೆ 5 ಸಾವಿರ ಯೂನಿಟ್ ದಾಟುತ್ತದೆ. ರಾಜ್ಯದಲ್ಲಿ 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್‌ಗೆ ವಿದ್ಯುತ್ ಉಚಿತ. ಆದ್ದರಿಂದ ಈ ಖರ್ಚು ರೈತನ ಪುಸ್ತಕದಲ್ಲಿ ಕಾಣುವುದಿಲ್ಲ, ಮೀನಿನ ದರದಲ್ಲೂ ಕಾಣುವುದಿಲ್ಲ. ಅದನ್ನು ತೆರುವವರು ಒಂದು ಕಡೆ ತೆರಿಗೆದಾರರು. ಇನ್ನೊಂದು ಕಡೆ, ಪಕ್ಕದ ಹೊಲದಲ್ಲಿ ಕೊಳವೆಬಾವಿ ಬತ್ತಿಸಿಕೊಂಡ ಸಣ್ಣ ಹಿಡುವಳಿದಾರ.

ಅಡಿಕೆಗೂ ಇದೇ ನೀರು ಹೋಗುತ್ತದಲ್ಲ, ಮೀನಿಗೆ ಮಾತ್ರ ಯಾಕೆ ಆಕ್ಷೇಪ ಎಂದು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಬರದ ತಾಲ್ಲೂಕಿನಲ್ಲಿ ಕೊಳವೆಬಾವಿ ನಂಬಿ ಅಡಿಕೆ ಕಟ್ಟಿದ್ದು ದೊಡ್ಡ ಪ್ರಮಾದವೇ. 2010ರ ದಶಕದ ಬರಗಾಲದಲ್ಲಿ ಹಿರಿಯೂರು, ಹೊಳಲ್ಕೆರೆ, ಹೊಸದುರ್ಗ ತಾಲ್ಲೂಕುಗಳ ರೈತರು ಟ್ಯಾಂಕರ್ ನೀರು ಹೊಯ್ದು ತೋಟ ಉಳಿಸಿಕೊಳ್ಳಲು ಪಟ್ಟ ಪಾಡು ಅದಕ್ಕೆ ಸಾಕ್ಷಿ. ಆದರೆ ಒಂದು ತಪ್ಪು ಇನ್ನೊಂದಕ್ಕೆ ಪರವಾನಗಿಯಾಗದು. ಹನಿ ನೀರಾವರಿಯಲ್ಲಿ ಅಡಿಕೆಯ ನೀರನ್ನಾದರೂ ಮಿತಗೊಳಿಸಬಹುದು. ತೆರೆದ ಹೊಂಡಕ್ಕೆ ಹನಿ ನೀರಾವರಿ ಇಲ್ಲ.

ಅದೇ ಮೀನು, ಬೇರೆ ನೀರು

ಈಗ ಚಿತ್ರವನ್ನು ತಿರುಗಿಸಿ ನೋಡಬೇಕು. ಮಳೆಯಿಂದ ತುಂಬಿದ ಕೆರೆಯಲ್ಲಿ ಮೀನುಮರಿ ಬಿಟ್ಟರೆ ಮೀನಿನ ಸಲುವಾಗಿ ಒಂದು ಹನಿ ನೀರೂ ಹೆಚ್ಚುವರಿಯಾಗಿ ಆವಿಯಾಗುವುದಿಲ್ಲ. ಆ ಕೆರೆ ಮೀನಿಲ್ಲದಿದ್ದರೂ ಅಷ್ಟೇ ಆವಿಯಾಗುತ್ತಿತ್ತು. ಅಲ್ಲಿ ಬೆಳೆದ ಮೀನು ನೀರಿನ ಲೆಕ್ಕದಲ್ಲಿ ಸಂಪೂರ್ಣ ಲಾಭ. ಕಾಟ್ಲಾ ಮೇಲುನೀರಿನ ಸೂಕ್ಷ್ಮಜೀವಿಗಳನ್ನು ತಿನ್ನುತ್ತದೆ, ರೋಹು ನಡುನೀರಿನಲ್ಲಿ ಮೇಯುತ್ತದೆ, ಮೃಗಾಲ್ ತಳದ ಕೊಳೆತದ್ದನ್ನು ಹೆಕ್ಕುತ್ತದೆ. ಮೂರೂ ಸೇರಿ ಕೆರೆಯಲ್ಲಿ ತಾನಾಗಿ ಹುಟ್ಟುವ ಆಹಾರವನ್ನು ಮನುಷ್ಯ ತಿನ್ನಬಲ್ಲ ಪೌಷ್ಟಿಕಾಂಶವನ್ನಾಗಿ ಮಾಡುತ್ತವೆ. ಇದಕ್ಕಿಂತ ಕಡಿಮೆ ಖರ್ಚಿನ ಮಾಂಸಾಹಾರ ಭೂಮಿಯ ಮೇಲೆ ಹೆಚ್ಚಿಲ್ಲ. ಮೇವು ಬೆಳೆಯಲು ಹೊಲ ಬೇಡ, ಬೆಂಕಿ ಬೇಡ, ಕಾಡು ಕಡಿಯುವುದು ಬೇಡ.

ಮಳೆನೀರಿನ ಕೃಷಿ ಹೊಂಡದ ಲೆಕ್ಕವೂ ಹೆಚ್ಚು ಕಡಿಮೆ ಇದೇ. 2014ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆ ಬಯಲುಸೀಮೆಯ ಹೊಲಗಳಲ್ಲಿ ಪ್ಲಾಸ್ಟಿಕ್ ಹೊದಿಕೆಯ ಹೊಂಡಗಳನ್ನು ತಂದಿತು. ನಡುವೆ ನಿಂತಿದ್ದ ಯೋಜನೆಗೆ 2023ರ ಬಳಿಕ ಮತ್ತೆ ಜೀವ ಬಂತು. ಮುಂಗಾರಿನ ಓಟದ ನೀರನ್ನು ಹಿಡಿದಿಟ್ಟು, ಶೇಂಗಾ ಕಾಯಿಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟರೆ ಒಂದೆರಡು ಸಲ ನೀರು ಕೊಡುವುದು ಇದರ ಉದ್ದೇಶ. ಆ ಹೊಂಡದಲ್ಲಿ ನಾಲ್ಕೈದು ತಿಂಗಳಲ್ಲಿ ಬೆಳೆಯುವ ಸಾಮಾನ್ಯ ಗೆಂಡೆ ಬಿಟ್ಟರೆ ಮನೆಮಂದಿಗೆ ಸಾರಿಗಾಗುತ್ತದೆ, ಮಿಕ್ಕದ್ದು ಸಂತೆಗೂ ಹೋಗುತ್ತದೆ. ಸೊಳ್ಳೆಯ ಮರಿಗಳೂ ಕಡಿಮೆಯಾಗುತ್ತವೆ. ಮೀನು ಇದ್ದ ನೀರು ಬೆಳೆಗೆ ಗೊಬ್ಬರವೂ ಹೌದು.

ಗೊಬ್ಬರ ಎಷ್ಟೆಂಬುದನ್ನೂ ಸ್ಥೂಲವಾಗಿ ಹೇಳಬಹುದು. ಗೆಂಡೆ ಮೀನಿಗೆ ನಮ್ಮಲ್ಲಿ ಹಾಕುವ ಸಾಂಪ್ರದಾಯಿಕ ತಿನಿಸು ಶೇಂಗಾ ಹಿಂಡಿ ಮತ್ತು ಅಕ್ಕಿ ತೌಡು. ಎಣ್ಣೆ ಗಾಣಗಳಿಗೆ ಹೆಸರಾದ ಚಳ್ಳಕೆರೆ ಪಕ್ಕದಲ್ಲೇ ಇರುವುದರಿಂದ ಹಿಂಡಿಗೆ ಇಲ್ಲಿ ಕೊರತೆಯಿಲ್ಲ. ಒಂದೂವರೆ ಟನ್ ಮೀನಿಗೆ ಮೂರು ಟನ್ ತಿನಿಸು ಹಾಕಿದರೆ ಅದರಲ್ಲಿರುವ ಸಾರಜನಕ ಸುಮಾರು 130 ಕಿಲೋ. ಮೀನಿನ ಮೈಗೆ ಹತ್ತುವುದು ಅದರ ಮೂರನೇ ಒಂದು ಪಾಲಿಗಿಂತ ಕಡಿಮೆ. ಉಳಿದ 90 ಕಿಲೋ ನೀರಿನಲ್ಲಿ, ಕೆಸರಿನಲ್ಲಿ ಉಳಿಯುತ್ತದೆ, ಒಂದಿಷ್ಟು ಗಾಳಿಗೂ ಹೋಗುತ್ತದೆ. ಇದು ನಾಲ್ಕು ಚೀಲ ಯೂರಿಯಾಕ್ಕೆ ಸಮ. ಆ ನೀರನ್ನು ತೋಟಕ್ಕೆ ಬಿಟ್ಟರೆ ರೈತನಿಗೆ ನಾಲ್ಕು ಚೀಲದ ಉಳಿತಾಯ. ಹಳ್ಳಕ್ಕೆ ಬಿಟ್ಟರೆ ಕೆಳಗಿನ ಕೆರೆಗೆ ನಾಲ್ಕು ಚೀಲ ಯೂರಿಯಾ ಸುರಿದಂತೆ. ಕೆರೆ ಹಸಿರುಗಟ್ಟುತ್ತದೆ, ಪಾಚಿ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ತಿನ್ನುತ್ತದೆ, ಬೆಳಗಿನ ಜಾವ ಮೀನು ಸಾಯುತ್ತವೆ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ರಾಶಿ ರಾಶಿ ಮೀನು ಸತ್ತು ತೇಲಿದ್ದನ್ನು ರಾಜಧಾನಿಯ ಜನ ಮರೆತಿರಲಾರರು. ಅಲ್ಲಿನ ಕೊಳೆ ನಗರದ ಚರಂಡಿಯದ್ದು. ಆದರೆ ಆಮ್ಲಜನಕ ಮುಗಿದ ನೀರಿನಲ್ಲಿ ಮೀನು ಉಸಿರುಗಟ್ಟುವ ಬಗೆ ಎಲ್ಲ ಕಡೆಯೂ ಒಂದೇ.

ಅಂದರೆ ಗೊಬ್ಬರವೂ ವಿಷವೂ ಒಂದೇ ಪದಾರ್ಥ, ತೂಬು ಯಾವ ಕಡೆಗೆ ತೆರೆಯುತ್ತದೆ ಎಂಬುದಷ್ಟೇ ವ್ಯತ್ಯಾಸ. ಕರಾವಳಿಯ ಸೀಗಡಿ ಹೊಂಡಗಳ ಬಗ್ಗೆ ಈ ಪಾಠವನ್ನು ದೇಶ ತಡವಾಗಿಯಾದರೂ ಕಲಿಯಿತು. 1990ರ ದಶಕದಲ್ಲಿ ಸೀಗಡಿ ಕೃಷಿ ಹುಚ್ಚು ಹೊಳೆಯಂತೆ ಹರಡಿ, ಉಪ್ಪುನೀರು ಬಾವಿಗಳಿಗೆ ನುಗ್ಗಿ, ಕೊನೆಗೆ ಬಿಳಿಚುಕ್ಕೆ ರೋಗ ಬಂದು ಹೊಂಡಗಳೇ ಪಾಳುಬಿದ್ದವು. 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಈ ಉದ್ಯಮಕ್ಕೆ ಕಡಿವಾಣ ಹಾಕಿತು. 2005ರಲ್ಲಿ ಕರಾವಳಿ ಜಲಕೃಷಿ ಪ್ರಾಧಿಕಾರದ ಕಾಯ್ದೆ ಬಂತು. ಒಳನಾಡಿನ ಸಿಹಿನೀರಿನ ಹೊಂಡಕ್ಕೆ ಇಂದಿಗೂ ಅಂತಹ ಪ್ರತ್ಯೇಕ ಪ್ರಾಧಿಕಾರವಿಲ್ಲ. ಕುಮಟಾದ ಹೊಂಡದ ಮೇಲೆ ಒಂದು ಕಣ್ಣಿದೆ, ಹಿರಿಯೂರಿನ ಹೊಂಡದ ಮೇಲೆ ಇಲ್ಲ.

ನಿಷೇಧವಾದರೂ ನಿಲ್ಲದ ಕ್ಯಾಟ್‌ಫಿಶ್

ನೀರಿನ ಜೊತೆಗೆ ಹೊಂಡದಿಂದ ಹೊರಬೀಳುವ ಇನ್ನೊಂದು ವಸ್ತು ಮೀನೇ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಯನ್ನು ಕೇಂದ್ರ ಸರ್ಕಾರ 2000ದಲ್ಲೇ ನಿಷೇಧಿಸಿದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೂ ನಿಷೇಧ ಜಾರಿಗೆ ತಾಕೀತು ಮಾಡಿದೆ. ಆದರೂ ಬೆಂಗಳೂರಿನ ಸುತ್ತಮುತ್ತ, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಅಧಿಕಾರಿಗಳು ದಾಳಿ ಮಾಡಿ ಇಂತಹ ಹೊಂಡಗಳನ್ನು ಮುಚ್ಚಿಸಿದ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ಕಾರಣ ಸರಳ. ಈ ಮೀನು ಗಾಳಿಯನ್ನೇ ಉಸಿರಾಡಬಲ್ಲದು, ಕೊಳಚೆ ನೀರಿನಲ್ಲೂ ಬದುಕುತ್ತದೆ, ಕೋಳಿ ಅಂಗಡಿಯ ತ್ಯಾಜ್ಯ ತಿಂದು ಬೇಗ ಕೊಬ್ಬುತ್ತದೆ. ನಗರಗಳು ಹೊರಹಾಕುವ ಮಾಂಸದ ಕಸಕ್ಕೆ ಜಾಗ ಬೇಕು, ಇದಕ್ಕೆ ತಿನಿಸು ಬೇಕು. ಎರಡೂ ಕೈ ಸೇರಿ ಚಪ್ಪಾಳೆಯಾಯಿತು. ನಗರದ ಓದುಗರು ಹಳ್ಳಿಯ ರೈತನನ್ನು ದೂರುವ ಮೊದಲು ತಮ್ಮ ಬೀದಿಯ ಕೋಳಿ ಅಂಗಡಿಯ ಕಸ ರಾತ್ರಿ ಎಲ್ಲಿಗೆ ಹೋಗುತ್ತದೆ ಎಂದು ವಿಚಾರಿಸುವುದು ಒಳ್ಳೆಯದು.

ಈ ಮೀನಿನ ದೋಷ ಅದು ಹೊಟ್ಟೆಬಾಕ ಎಂಬುದು. ಹೊಂಡದಿಂದ ತಪ್ಪಿಸಿಕೊಂಡರೆ ಹೊಳೆಯ ಸಣ್ಣಮೀನು, ಕಪ್ಪೆ, ಮೊಟ್ಟೆ ಯಾವುದನ್ನೂ ಬಿಡುವುದಿಲ್ಲ. ಒದ್ದೆ ನೆಲದ ಮೇಲೆ ತೆವಳಿ ಮತ್ತೊಂದು ಗುಂಡಿ ಸೇರುವಷ್ಟು ಗಟ್ಟಿ ಜೀವ. ದಶಕಗಳ ಕಾಲ ಬತ್ತಿದ್ದ ವೇದಾವತಿಯ ಪಾತ್ರ ಇಂತಹ ಮೀನಿಗೆ ದಾರಿಯಾಗಿರಲಿಲ್ಲ. ಈಗ ಕಾಲ ಬದಲಾಗಿದೆ. ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ನೀರು ಹಿರಿಯೂರು, ಚಳ್ಳಕೆರೆ ದಾಟಿ ಆಂಧ್ರದ ಅನಂತಪುರ ಜಿಲ್ಲೆಯ ಭೈರವಾನಿತಿಪ್ಪ ಜಲಾಶಯದತ್ತ ಹರಿಯುತ್ತದೆ. ಮುಂದೆ ವೇದಾವತಿ, ಅಲ್ಲಿನ ಹೆಸರಿನಲ್ಲಿ ಹಗರಿ, ತುಂಗಭದ್ರೆಯನ್ನು ಸೇರುತ್ತದೆ. ದಂಡೆಯ ಒಂದು ಹೊಂಡದಲ್ಲಿ ಅಕ್ರಮವಾಗಿ ಸಾಕಿದ ಮೀನು ಒಂದು ಪ್ರವಾಹದಲ್ಲಿ ಎರಡು ರಾಜ್ಯಗಳ ಸಮಸ್ಯೆಯಾಗಬಹುದು.

ಹಾಗೆಂದು ಸರ್ಕಾರಿ ಮುದ್ರೆ ಇರುವ ಮೀನುಗಳೆಲ್ಲ ಈ ನೆಲದವು ಎಂದು ಭಾವಿಸಬೇಕಿಲ್ಲ. ಕಾಟ್ಲಾ, ರೋಹು, ಮೃಗಾಲ್ ಮೂಲತಃ ಗಂಗಾ ಬಯಲಿನ ಮೀನುಗಳು. 1957ರಲ್ಲಿ ವಿಜ್ಞಾನಿ ಹೀರಾಲಾಲ್ ಚೌಧುರಿ ಒಡಿಶಾದಲ್ಲಿ ಹಾರ್ಮೋನ್ ಚುಚ್ಚುಮದ್ದಿನಿಂದ ಗೆಂಡೆ ಮೀನುಗಳಿಗೆ ಮೊಟ್ಟೆ ಇಡಿಸುವ ವಿಧಾನ ಸಾಧಿಸಿದ ಬಳಿಕವೇ ಅವುಗಳ ಮರಿ ದೇಶದ ಮೂಲೆ ಮೂಲೆಗೆ ತಲುಪಿದ್ದು. ಜುಲೈ 10ರಂದು ರಾಷ್ಟ್ರೀಯ ಮೀನು ಕೃಷಿಕರ ದಿನ ಆಚರಿಸುವುದು ಆ ಸಾಧನೆಯ ನೆನಪಿಗೇ. ಭದ್ರಾವತಿ ಬಳಿಯ ಬಿ.ಆರ್. ಪ್ರಾಜೆಕ್ಟ್‌ನ ಮೀನುಮರಿ ಕೇಂದ್ರದಂತಹ ಕಡೆಗಳಿಂದ ಮರಿಗಳು ನಮ್ಮ ಕೆರೆಗಳಿಗೆ ಬಂದವು. ಅವು ಹರಿಯುವ ನದಿಯಿಲ್ಲದೆ ಸುಲಭವಾಗಿ ಮರಿ ಹಾಕುವುದಿಲ್ಲವಾದ್ದರಿಂದ ಕೆರೆಯಲ್ಲಿ ಮಿತಿಮೀರುವ ಭಯ ಕಡಿಮೆ. 1952ರಲ್ಲಿ ಬಂದ ತಿಲಾಪಿಯಾದ ಕಥೆ ಹಾಗಲ್ಲ. ಬಾಯಲ್ಲೇ ಮರಿ ಕಾಪಾಡುವ ಆ ಮೀನು ದಕ್ಷಿಣದ ಕೆರೆಗಳನ್ನು ಆಕ್ರಮಿಸಿ, ಹಳೆಯ ಜಾತಿಗಳನ್ನು ಮೂಲೆಗೊತ್ತಿದೆ. ತುಂಗಭದ್ರೆಯಲ್ಲಿ ಒಂದು ಕಾಲಕ್ಕೆ ಹೇರಳವಾಗಿದ್ದ ಹರಗಿಯಂತಹ ದೇಸಿ ಗೆಂಡೆ ಇಂದು ಅಪರೂಪ. ಅದಕ್ಕೆ ಅಣೆಕಟ್ಟು, ಮಾಲಿನ್ಯ, ಅತಿಯಾದ ಬೇಟೆ ಎಲ್ಲವೂ ಸೇರಿ ಕಾರಣ. ಹೆಸರಘಟ್ಟದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಇಂತಹ ದಕ್ಷಿಣದ ಗೆಂಡೆಗಳ ಮರಿ ಮಾಡುವ ಕೆಲಸದಲ್ಲಿ ತೊಡಗಿದೆ. ಆದರೆ ರೈತ ಕೇಳುವುದು ಬೇಗ ಬೆಳೆಯುವ ಮರಿಯನ್ನು. ಹೊಸ ನೀರು ಬರುತ್ತಿರುವ ಕೆರೆಗಳಲ್ಲಾದರೂ ಒಂದು ಪಾಲು ದೇಸಿ ಮರಿ ಬಿಡುವ ವಿಚಾರ ಇಲಾಖೆಗೆ ಹೊಳೆಯಬೇಕು.

ಸಹಾಯಧನ ಯಾವುದಕ್ಕೆ?

2020ರಲ್ಲಿ 20,050 ಕೋಟಿ ರೂಪಾಯಿ ಗಾತ್ರದೊಂದಿಗೆ ಘೋಷಣೆಯಾದ ಪ್ರಧಾನಮಂತ್ರಿ ಮತ್ಸ್ಯ ಸಂಪದಾ ಯೋಜನೆ ಒಳನಾಡಿನ ಮೀನು ಕೃಷಿಗೆ ದೊಡ್ಡ ತಿರುವು ಕೊಟ್ಟಿತು. ಹೊಸ ಹೊಂಡ, ಬಯೋಫ್ಲಾಕ್ ತೊಟ್ಟಿ, ಮರುಬಳಕೆ ನೀರಿನ ಘಟಕ, ಜಲಾಶಯದ ಪಂಜರ ಎಲ್ಲಕ್ಕೂ ನೆರವು ದೊರೆಯಿತು. ಸಾಮಾನ್ಯ ವರ್ಗದ ಫಲಾನುಭವಿಗೆ ವೆಚ್ಚದ ಶೇಕಡಾ 40, ಪರಿಶಿಷ್ಟರು ಮತ್ತು ಮಹಿಳೆಯರಿಗೆ ಶೇಕಡಾ 60. ಗುರಿಯನ್ನು ಅಳೆದದ್ದು ಟನ್ನುಗಳಲ್ಲಿ. ಉತ್ಪಾದನೆ ಹೆಚ್ಚಿತೆಂಬುದು ನಿಜ. ಆದರೆ ಮಳೆನೀರಿನ ಹೊಂಡಕ್ಕೂ ಸಾವಿರ ಅಡಿಯ ಕೊಳವೆಬಾವಿಯ ಹೊಂಡಕ್ಕೂ ಒಂದೇ ತಕ್ಕಡಿ ಹಿಡಿದರೆ, ಭದ್ರಾ ಅಚ್ಚುಕಟ್ಟಿನ ಭೂಮಿಗೂ ಧರ್ಮಪುರ ಹೋಬಳಿಯ ಭೂಮಿಗೂ ವ್ಯತ್ಯಾಸವೇ ಇಲ್ಲವೆಂದಂತಾಗುತ್ತದೆ. 2011ರ ಅಂತರ್ಜಲ ಕಾಯ್ದೆಯನ್ವಯ ಅಧಿಸೂಚಿತ ತಾಲ್ಲೂಕುಗಳಲ್ಲಿ ಹೊಸ ಕೊಳವೆಬಾವಿಗೆ ಅನುಮತಿ ಬೇಕು. ಒಂದು ಇಲಾಖೆ ನೀರು ಎತ್ತಬೇಡ ಎನ್ನುವ ಜಾಗದಲ್ಲಿ ಇನ್ನೊಂದು ಇಲಾಖೆ ನೀರು ತುಂಬಲು ಹಣ ಕೊಡುವುದು ವಿಚಿತ್ರವಲ್ಲವೇ?

ಬಯೋಫ್ಲಾಕ್ ನೀರು ಉಳಿಸುತ್ತದೆ ಎಂಬ ಪ್ರಚಾರದಲ್ಲಿ ಹುರುಳಿದೆ. ತೊಟ್ಟಿಯ ಮೇಲ್ಮೈ ಚಿಕ್ಕದು, ಕೊಳೆಯನ್ನು ಸೂಕ್ಷ್ಮಾಣುಗಳೇ ಮತ್ತೆ ಆಹಾರವಾಗಿ ಪರಿವರ್ತಿಸುತ್ತವೆ. ಆದರೆ ಹಗಲೂ ರಾತ್ರಿ ಗಾಳಿ ಊದುತ್ತಲೇ ಇರಬೇಕು. ವಿದ್ಯುತ್ ಸ್ವಲ್ಪ ಹೊತ್ತು ಕೈಕೊಟ್ಟರೂ ತೊಟ್ಟಿ ತುಂಬ ಸತ್ತ ಮೀನು. ಹಳ್ಳಿಯ ವಿದ್ಯುತ್ ಪರಿಸ್ಥಿತಿ ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನೀರಿನ ಖರ್ಚು ಕಡಿಮೆಯಾಗಿ ವಿದ್ಯುತ್ತಿನ, ಡೀಸೆಲ್‌ನ ಖರ್ಚು ಹೆಚ್ಚುವ ಈ ವಿನಿಮಯ ದೊಡ್ಡ ಬಂಡವಾಳಗಾರನಿಗೆ ಸರಿ, ಎರಡು ಎಕರೆಯ ರೈತನಿಗೆ ಅಲ್ಲ.

ಕೈಯಲ್ಲಿ ಕಲಸಿದ ಹಿಂಡಿ ತೌಡಿನ ಬದಲು ಕಾರ್ಖಾನೆಯ ಗುಳಿಗೆ ತಿನಿಸು ಬಂದರೆ ಇನ್ನೊಂದು ಸರಪಳಿ ಸೇರಿಕೊಳ್ಳುತ್ತದೆ. ಸೀಗಡಿಗೂ ಮಾಂಸಾಹಾರಿ ಮೀನುಗಳಿಗೂ ಮಾಡುವ ತಿನಿಸಿನಲ್ಲಿ ಮೀನುಹಿಟ್ಟು ಇರುತ್ತದೆ. ಅದು ಬರುವುದು ಸಮುದ್ರದಿಂದ. ದಕ್ಷಿಣ ಕನ್ನಡ, ಉಡುಪಿ ಕರಾವಳಿಯ ಮೀನುಹಿಟ್ಟು ಕಾರ್ಖಾನೆಗಳಿಗೆ ಬಡವರ ಮೀನಾದ ಬೂತಾಯಿಯೂ ಬಲೆಗೆ ಬಿದ್ದ ಎಳೆಮರಿಗಳೂ ಹೋಗುತ್ತವೆ. ಸಮುದ್ರದ ಮೀನು ಕಡಿಮೆಯಾಯಿತೆಂದು ಒಳನಾಡಿನಲ್ಲಿ ಮೀನು ಸಾಕುವುದು, ಅದಕ್ಕೆ ತಿನ್ನಿಸಲು ಸಮುದ್ರದ ಮೀನನ್ನೇ ಹಿಟ್ಟು ಮಾಡುವುದು. ಗೆಂಡೆ ಮೀನು ಈ ವರ್ತುಲದಿಂದ ಬಹುಮಟ್ಟಿಗೆ ಹೊರಗಿದೆ. ಬಯಲುಸೀಮೆಗೆ ಗೆಂಡೆಯೇ ಸರಿ ಎನ್ನಲು ಇದೂ ಒಂದು ಕಾರಣ.

ವಾಣಿವಿಲಾಸ ಸಾಗರದಂತಹ ಜಲಾಶಯಗಳಲ್ಲಿ ಪಂಜರ ಕೃಷಿಯ ಮಾತು ಬಂದಾಗ ಎಚ್ಚರ ಇನ್ನೂ ಹೆಚ್ಚಿರಬೇಕು. 30 ಟಿಎಂಸಿ ಅಡಿಯ ಈ ಜಲಾಶಯ ಹಿರಿಯೂರು, ಚಿತ್ರದುರ್ಗ, ಚಳ್ಳಕೆರೆಯ ಜನರ ಕುಡಿಯುವ ನೀರು. ಮರಿ ಬಿತ್ತಿ ಬಲೆಯಲ್ಲಿ ಹಿಡಿಯುವ ಪದ್ಧತಿಯಲ್ಲಿ ಜಲಾಶಯದೊಳಗಿನ ಪೋಷಕಾಂಶ ಮೀನಾಗಿ ಹೊರಬರುತ್ತದೆ. ಪಂಜರದಲ್ಲಿ ಹೊರಗಿನ ತಿನಿಸು ಒಳಗೆ ಬೀಳುತ್ತದೆ. ಒಂದು ನೀರನ್ನು ಹಗುರ ಮಾಡುತ್ತದೆ, ಇನ್ನೊಂದು ಭಾರ ಮಾಡುತ್ತದೆ. ತುಂಬಿದ ವರ್ಷದಲ್ಲಿ ಈ ಭಾರ ಗೊತ್ತಾಗದು. ಬರದ ವರ್ಷದಲ್ಲಿ ನೀರು ತಳಮಟ್ಟಕ್ಕೆ ಇಳಿದಾಗ ಅದೇ ಕೊಳೆ ನಾಲ್ಕಾರು ಪಟ್ಟು ಗಟ್ಟಿಯಾಗಿ ನಲ್ಲಿಗೆ ಬರುತ್ತದೆ. ಹಿರಿಯೂರಿನ ಜನ ಎರಡೂ ಬಗೆಯ ವರ್ಷಗಳನ್ನು ಒಂದೇ ದಶಕದಲ್ಲಿ ಕಂಡವರು.

ನಗರವಾಸಿಯ ತಟ್ಟೆಯೂ ಈ ಲೆಕ್ಕದಿಂದ ಹೊರಗಿಲ್ಲ. ರಾಜ್ಯದ ನಗರಗಳ ಮಾರುಕಟ್ಟೆಗೆ ಮಂಜುಗಡ್ಡೆಯ ಪೆಟ್ಟಿಗೆಗಳಲ್ಲಿ ಬರುವ ಕಾಟ್ಲಾ, ರೋಹುವಿನಲ್ಲಿ ದೊಡ್ಡ ಪಾಲು ಆಂಧ್ರದ್ದು. ಕೃಷ್ಣಾ, ಗೋದಾವರಿ ನದಿಗಳ ನಡುವಿನ ಕೊಲ್ಲೇರು ಸರೋವರವನ್ನು ಮೀನು ಹೊಂಡಗಳು ಎಷ್ಟು ನುಂಗಿದ್ದವೆಂದರೆ, 1999ರಲ್ಲಿ ವನ್ಯಧಾಮವೆಂದು ಘೋಷಿಸಿದ ಮೇಲೂ ಒತ್ತುವರಿ ನಿಲ್ಲದೆ, 2005-06ರಲ್ಲಿ ಸರ್ಕಾರವೇ ನಿಂತು ಹೊಂಡದ ಏರಿಗಳನ್ನು ಒಡೆಸಬೇಕಾಯಿತು. ನೂರಾರು ಕಿಲೋಮೀಟರ್ ದೂರದಿಂದ ಮಂಜುಗಡ್ಡೆಯಲ್ಲಿ ಬರುವ ಮೀನಿಗೆ ಹೋಲಿಸಿದರೆ ಧರ್ಮಪುರದ ಸಂತೆಯಲ್ಲಿ ಸಿಗುವ ಕೆರೆಮೀನು ಪರಿಸರಕ್ಕೂ ಆರೋಗ್ಯಕ್ಕೂ ಲೇಸು. ಊರಿನ ಕೆರೆ ಮೀನು ಕೊಟ್ಟರೆ ಅದರ ಹೂಳಿನ ಮೇಲೆ, ಒತ್ತುವರಿಯ ಮೇಲೆ ಊರಿಗೊಂದು ಕಾಳಜಿಯೂ ಹುಟ್ಟುತ್ತದೆ. ಮೀನಿನ ಆದಾಯವಿರುವ ಕೆರೆಗೆ ಯಾರೂ ಸುಲಭವಾಗಿ ಚರಂಡಿ ತಿರುಗಿಸಲು ಬಿಡುವುದಿಲ್ಲ.

ಅದಕ್ಕೆ ಅಡ್ಡಿಯಾಗಿರುವುದು ಗುತ್ತಿಗೆಯ ವ್ಯವಸ್ಥೆ. ದೊಡ್ಡ ಕೆರೆಗಳ ಮೀನಿನ ಹಕ್ಕು ಮೀನುಗಾರಿಕೆ ಇಲಾಖೆಯದ್ದು, ಸಣ್ಣ ಕೆರೆಗಳದ್ದು ಗ್ರಾಮ ಪಂಚಾಯಿತಿಯದ್ದು. ಬೆಸ್ತರು, ಗಂಗಾಮತಸ್ಥರ ಸಹಕಾರ ಸಂಘಗಳಿಗೆ ಆದ್ಯತೆ ಇದೆ. ಆದರೆ ಸಂಘದ ಹೆಸರಿನಲ್ಲಿ ಹಣವಂತರು ಗುತ್ತಿಗೆ ನಡೆಸುತ್ತಾರೆ, ಅವಧಿ ಮುಗಿಯುವುದರೊಳಗೆ ಬಾಚಿಕೊಳ್ಳುವ ಆತುರದಲ್ಲಿ ಕೋಳಿಗೊಬ್ಬರ ಸುರಿಯುತ್ತಾರೆ ಎಂಬ ದೂರು ರಾಜ್ಯದ ಹಲವೆಡೆ ಹಳೆಯದು. ಆ ಕೆರೆಯ ಪಕ್ಕದಲ್ಲೇ ಕುಡಿಯುವ ನೀರಿನ ಕೊಳವೆಬಾವಿ ಇರುತ್ತದೆ, ದನಕರು ಅದೇ ನೀರು ಕುಡಿಯುತ್ತವೆ. ಬೇಸಿಗೆಯಲ್ಲಿ ಗುತ್ತಿಗೆದಾರನಿಗೆ ಮೀನು ಬದುಕುವಷ್ಟು ತಳನೀರು ಉಳಿಯಬೇಕು, ರೈತನಿಗೆ ಕೊನೆಯ ನೀರು ಹೊಲಕ್ಕೆ ಬೇಕು. ತೂಬಿನ ಬಳಿ ಜಗಳವಾಗುವುದು ಆಗಲೇ. ಎಷ್ಟು ಅಡಿ ನೀರು ಯಾರಿಗೂ ಮುಟ್ಟದೆ ಬಿಡಬೇಕು ಎಂಬುದನ್ನು ಗುತ್ತಿಗೆ ಪತ್ರದಲ್ಲೇ ಬರೆದುಬಿಟ್ಟರೆ ಈ ಜಗಳದ ಅರ್ಧ ಮುಗಿಯುತ್ತದೆ. ಉಳಿದ ತಳನೀರು ಮೀನಿಗಷ್ಟೇ ಅಲ್ಲ, ಹಕ್ಕಿಗಳಿಗೂ ಸುತ್ತಲಿನ ಬಾವಿಗಳಿಗೂ ಆಸರೆ.

ಮಾಡಬೇಕಾದ್ದು ದುಬಾರಿ ಕೆಲಸವೇನಲ್ಲ. ಅಂತರ್ಜಲ ಅತಿಬಳಕೆಯಾದ ತಾಲ್ಲೂಕುಗಳಲ್ಲಿ ತೆರೆದ ಹೊಂಡದ ಸಹಾಯಧನವನ್ನು ಮಳೆನೀರು ಅಥವಾ ಕಾಲುವೆ ನೀರಿನ ಹೊಂಡಕ್ಕೆ ಮೀಸಲಿಡಬೇಕು. ಹೊಂಡ ಖಾಲಿ ಮಾಡುವ ನೀರು ಯಾವ ಹೊಲಕ್ಕೆ ಹೋಗುತ್ತದೆ ಎಂಬುದನ್ನು ಅರ್ಜಿಯಲ್ಲೇ ತೋರಿಸಬೇಕು. ಹೊಳೆಯ ದಂಡೆಯ ಹೊಂಡಗಳಲ್ಲಿ ಏನು ಈಜುತ್ತಿದೆ ಎಂಬುದನ್ನು ಮುಂಗಾರಿಗೆ ಮೊದಲೇ ನೋಡಬೇಕು, ದಾಳಿ ನಡೆಯುವುದು ಪ್ರವಾಹದ ಮರುದಿನವಲ್ಲ. ಧರ್ಮಪುರದ ಕೆರೆಯಂತೆ ಹೊಸದಾಗಿ ನದಿನೀರು ಕಾಣಲಿರುವ ಕೆರೆಗಳಲ್ಲಿ ಮೀನಿನ ಹಕ್ಕು ಯಾರಿಗೆ, ಯಾವ ಮರಿ, ಎಷ್ಟು ತಳನೀರು ಎಂಬ ಮೂರು ಪ್ರಶ್ನೆಗಳನ್ನು ಪಂಚಾಯಿತಿ, ಇಲಾಖೆ ಮತ್ತು ಅಚ್ಚುಕಟ್ಟಿನ ರೈತರು ಒಟ್ಟಿಗೆ ಕೂತು ತೀರ್ಮಾನಿಸಲು ಸರಿಯಾದ ಸಮಯ ಕೆರೆ ಖಾಲಿ ಇರುವಾಗಲೇ. ನೀರು ಬಂದ ದಿನ ಹರಾಜಿನ ಕೂಗು ಮೊದಲಾದರೆ ಆ ಮಾತುಕತೆಗೆ ಯಾರೂ ಸಿಗುವುದಿಲ್ಲ.